ಹನ್ನೊಂದನೆಯ ನಿಲ್ದಾಣ

ಪಟ್ಟಿ ನನ್ನ ಕೈಯಲ್ಲಿತ್ತು:
ಮನೆ ಸಂಖ್ಯೆ, ಹೆಸರು, ವಯಸ್ಸು,
ಹೋದ ಸಲ ಮತ ಹಾಕಿದ್ದರೋ ಇಲ್ಲವೋ.
ಓಡೀಲ್ ಅದರ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳಿಗೆ
ಈ ಕಣಿವೆಯ ಬಾಗಿಲುಗಳೆಲ್ಲ
ಬೆನ್ನುಚೀಲದ ಬಣ್ಣದಿಂದ ಗೊತ್ತು.

"ಇದು ದಿನಾ ವಾಂತಿ ಮಾಡುತ್ತಿದ್ದ ಹುಡುಗಿಯ ಮನೆ.
ಇಲ್ಲಿ ಅವಳಿ ಗಂಡುಮಕ್ಕಳು. ಒಬ್ಬ ಸೈನ್ಯಕ್ಕೆ ಹೋದ,
ಇನ್ನೊಬ್ಬ ಆಲೂಗಡ್ಡೆ ಗೋದಾಮಿಗೆ.
ಇಲ್ಲೊಂದು ನಾಯಿ ಇದೆ, ಕಚ್ಚುವುದಿಲ್ಲ.
ಕಚ್ಚುವವನು ಯಜಮಾನ."

ಮೇಯ್ನ್ ರಾಜ್ಯದ ಉತ್ತರದ ತುದಿ. ಹೊಳೆ ದಾಟಿದರೆ ಕೆನಡಾ.
ಅಕ್ಟೋಬರ್. ಅಗೆದು ಮುಗಿದ ಹೊಲಗಳು
ಹೊಲಿಗೆ ಬಿಚ್ಚಿದ ಗೋಣಿಯ ಹಾಗೆ ಬಿದ್ದುಕೊಂಡಿದ್ದವು.

ಮೊದಲ ದಿನ ಕಾರಿನಿಂದ ಇಳಿಯಲೇ ಇಲ್ಲ ಅವಳು.
"ಮತ ಕೇಳುವುದೆಂದರೆ ಸಾಲ ಕೇಳಿದ ಹಾಗಲ್ಲವೇನೇ,
ತೀರಿಸುವ ದಿನ ಬರೆಯದ ಸಾಲ."
ರಾಜಧಾನಿಯಿಂದ ಬಂದ ಪಕ್ಷದ ಹುಡುಗಿ ಕಲಿಸಿದ್ದಳು:
ಒಂದು ಕಿರುನಗೆ, ಮೂರು ವಾಕ್ಯ, ಕರಪತ್ರ, ಮುಂದಿನ ಮನೆ.
ಓಡೀಲಳಿಗೆ ಮೂರನೆಯ ವಾಕ್ಯ
ಯಾವಾಗಲೂ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಒಬ್ಬ ಅಜ್ಜಿ ಕರಪತ್ರ ಮುಟ್ಟದೆ
ಫ್ರೆಂಚಿನಲ್ಲಿ ಕೇಳಿದಳು: "ಯಾರ ಮಗಳು ನೀನು?"
ಅದೊಂದಕ್ಕೆ ಉತ್ತರ ತಡವರಿಸದೆ ಬಂತು.
ಆ ಮನೆಯಲ್ಲಿ ನಲವತ್ತು ನಿಮಿಷ, ಎರಡು ಬಟ್ಟಲು ಸೂಪು,
ಸತ್ತವರೆಲ್ಲರ ಕ್ಷೇಮಸಮಾಚಾರ.
ಪಕ್ಷದ ಹುಡುಗಿಗೆ ನಾನು ಹೇಳಲಿಲ್ಲ.

ಕರಪತ್ರದ ಎರಡನೆಯ ಸಾಲು ಹೀಗಿತ್ತು:
'ಪ್ರತಿ ಚಳಿಗಾಲ ನಮ್ಮ ಮಕ್ಕಳಿಗಾಗಿ
ಕೈಗವಸು ಹೆಣೆಯುವ ಓಡೀಲ್ ಸೀರ್.'
ಅದನ್ನು ತೆಗೆಯಿರಿ ಅಂದಳು. ನಾಲ್ಕು ಸಾವಿರ
ಅಚ್ಚಾಗಿ ಹೋಗಿದೆ ಅಂದರು.
ರಾತ್ರಿಯೆಲ್ಲ ಅಡುಗೆಮನೆಯ ಮೇಜಿಗೆ ಕೂತು
ಕಪ್ಪು ಪೆನ್ನಿನಿಂದ ಆ ಸಾಲು ಒಂದೊಂದಾಗಿ ಹೊಡೆದುಹಾಕಿದಳು.
ವಿನಯ ಅಂದುಕೊಂಡೆ ನಾನು.
ಶಾಲೆಯ ಊಟದ ಕೋಣೆಯಲ್ಲಿ ಸೌಟು ಹಿಡಿಯುವವಳು ನಾನು.
ಚಾಲಕಿಯ ಸೀಟಿನಡಿಯ ಆ ಡಬ್ಬಿ,
ಕೆಂಪು, ನೀಲಿ, ಬೂದು ಉಣ್ಣೆ,
ವರ್ಷಾವರ್ಷ ನೋಡಿದ್ದೆ.

ಹನ್ನೊಂದನೆಯ ನಿಲ್ದಾಣದ ಮನೆ.
ರೆಜಿ ಪೆಲ್ಟಿಯೆ, ಮೂವತ್ತೊಂದು ವಯಸ್ಸು,
ಹೋದ ಸಲ ಮತ ಹಾಕಿದ್ದಾನೆ.
ಎಂಜಿನ್ ಆರಿಸಿ ಸುಮ್ಮನೆ ಕೂತಳು.
"ಬಿಟ್ಟುಬಿಡೋಣ, ಒಂದು ಹೆಸರು ತಾನೇ" ಅಂದೆ.
ಇಳಿದಳು. ಕರಪತ್ರ ಸೀಟಿನ ಮೇಲೇ ಉಳಿಯಿತು.

ಅವನು ಗ್ರೀಸು ಒರೆಸಿಕೊಳ್ಳುತ್ತ ಬಂದ.
ಅವಳು ಕಿರುನಗೆಯನ್ನೂ ಮಾಡಲಿಲ್ಲ.
"ಆವತ್ತು ನಿನ್ನನ್ನು ಬಸ್ಸಿನಿಂದ ಇಳಿಸಬಾರದಿತ್ತು."

ಹೊಡೆದಾಟ. ಜನವರಿ. ಹತ್ತು ವರ್ಷದ ಹುಡುಗ.
ಇಲ್ಲಿಗೆ ಒಂದೂವರೆ ಮೈಲಿ.

"ಕೈಗವಸು ಇರಲಿಲ್ಲ ನನ್ನ ಹತ್ತಿರ" ಅಂದ.
"ಗೊತ್ತು. ಕನ್ನಡಿಯಲ್ಲಿ ಕಂಡಿತ್ತು."

ಅವನ ಕಾಲಿನ ಹಿಂದಿನಿಂದ ಒಂದು ಮಗು
ಅರ್ಧ ಮುಖ ತೋರಿಸಿತು.
ತುಂಬ ಹೊತ್ತಾದ ಮೇಲೆ ಕೇಳಿದ:
"ಇವಳಿಗೆ ಮುಂದಿನ ವರ್ಷದಿಂದ ಬಸ್ಸು.
ನೀವು ಗೆದ್ದು ಹೋದರೆ
ಓಡಿಸುವವರು ಯಾರು?"

ಅದಕ್ಕೆ ಮೂರು ವಾಕ್ಯ ಯಾರೂ ಕಲಿಸಿರಲಿಲ್ಲ.
"ಗೊತ್ತಿಲ್ಲ" ಅಂದಳು.

ಪಟ್ಟಿಯಲ್ಲಿ ಮೂರು ಚೌಕಗಳಿದ್ದವು:
ಪರ, ವಿರೋಧ, ಅನಿಶ್ಚಿತ.
ಪೆನ್ನು ಮೂರರ ಮೇಲೂ ಹೋಗಿ ವಾಪಸ್ಸು ಬಂತು.
ಕಾರು ಹೊರಡಿಸುವ ಮುಂಚೆ, ರೂಢಿಯಂತೆ,
ಅವಳು ಕನ್ನಡಿ ನೋಡಿದಳು. ನಾನೂ ತಿರುಗಿದೆ.
ಮೆಟ್ಟಿಲ ಮೇಲೆ ಇನ್ನೂ ನಿಂತೇ ಇದ್ದ ಅವನು,
ಎರಡೂ ಕೈ ಜೇಬಿನಲ್ಲಿ.